ತೋರಿಕೆಯ ಅಂಕಿ

ಮೇ ತಿಂಗಳ ಮೊದಲ ದಿನ ಚೆಕ್ ಗಂಡಸರು ಹೆಂಡತಿಯನ್ನು ಹೂಬಿಟ್ಟ ಚೆರ್ರಿ ಮರದಡಿ ನಿಲ್ಲಿಸಿ ಮುತ್ತಿಡುತ್ತಾರೆ. ಲುಬೋಶ್ ಮಾತ್ರ ಹೆಂಡತಿಯನ್ನು ಕರೆದುಕೊಂಡು ಯೆಸೆನಿಕ್ ಬೆಟ್ಟ ಹತ್ತುತ್ತಿದ್ದ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಪತ್ತೆಹಚ್ಚಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಇದ್ದಲ್ಲೇ ಇಟ್ಟು ಬರುವ ಜಿಯೋಕ್ಯಾಶಿಂಗ್ ಹುಚ್ಚು ಇಬ್ಬರಿಗೂ ಹತ್ತಿ ಹನ್ನೊಂದು ವರ್ಷವಾಗಿತ್ತು. ಹೊಸ ಡಬ್ಬಿಯಲ್ಲಿ ಮೊದಲ ಹೆಸರು ತಮ್ಮದೇ ಆಗಬೇಕೆಂಬ ಹಟ ಹೆಂಡತಿ ರಾದ್ಕಾಳಿಗೇ ಹೆಚ್ಚು. ಅದನ್ನು ಅವಳು ಒಪ್ಪುತ್ತಿರಲಿಲ್ಲ, ಅಷ್ಟೇ.

"ಪಕ್ಕದ್ಮನೆ ಯಾರ್ಮಿಲಾ ಈಗ ಮರದ ಕೆಳಗೆ ಕಣ್ಮುಚ್ಕೊಂಡು ನಿಂತಿರ್ತಾಳೆ. ನನ್ನ ಹಣೇಲಿ ನೋಡು, ಪ್ಲಾಸ್ಟಿಕ್ ಡಬ್ಬಿ ಬರ್ದಿದೆ."

"ಒಗಟು ಬಿಡಿಸೋಕೆ ಮೂರು ದಿನ ತಲೆ ಚಚ್ಕೊಂಡಿದ್ದು ನಾನು. ಬಾಯಿ ಮುಚ್ಕೊಂಡು ನಡಿಯೇ."

ಆ ಡಬ್ಬಿ ಒಗಟಿನದು. ಇಂಥವುಗಳ ಜಾಲತಾಣದ ಪುಟದ ಮೇಲೆ ಕಾಣುವ ಅಕ್ಷಾಂಶ-ರೇಖಾಂಶದ ಅಂಕಿಗಳು ಬರೀ ತೋರಿಕೆಗೆ. ನಕ್ಷೆಯಲ್ಲಿ ಎಲ್ಲಾದರೂ ಒಂದು ಚುಕ್ಕೆ ಇಡಬೇಕಲ್ಲ, ಅದಕ್ಕೆ. ಅಲ್ಲಿ ಹೋಗಿ ತಡಕಾಡಿದರೆ ಮಣ್ಣೂ ಸಿಗುವುದಿಲ್ಲ. ಒಗಟು ಬಿಡಿಸಿದವರಿಗೆ ಮಾತ್ರ ನಿಜವಾದ ಜಾಗ. ಲುಬೋಶ್ ಅದನ್ನು ಕೈಯ ಜಿಪಿಎಸ್‌ಗೆ ತುಂಬಿಕೊಂಡಿದ್ದ. ತೋರಿಕೆಯ ಚುಕ್ಕೆ ಅಲ್ಲಿಂದ ಎರಡು ಕಿಲೋಮೀಟರ್ ಕೆಳಗೆ, ಕಾಡುರಸ್ತೆಯ ಮಗ್ಗುಲಲ್ಲಿತ್ತು.

ಮಧ್ಯಾಹ್ನದ ಹೊತ್ತಿಗೆ ಹಿಮ ಶುರುವಾಯಿತು. ಮೊದಮೊದಲು ತಮಾಷೆಯಾಗಿತ್ತು. ಅರ್ಧ ಗಂಟೆಯಲ್ಲಿ ಮುಂದಿನ ಮರ ಕಾಣದಾಯಿತು.

"ವಾಪಸ್ ಹೋಗೋಣ" ಎಂದ ಲುಬೋಶ್.

"ಇನ್ನು ಮುನ್ನೂರು ಮೀಟರ್ ಕಣೋ! ಇಷ್ಟು ಬಂದು ಬರಿಗೈಲಿ ಹೋಗ್ತೀಯಾ? ಗಂಡಸಾ ನೀನು?"

ಅವನು ಮುಂದೆ ನಡೆದ. ಡಬ್ಬಿ ಇರಬೇಕಾದ ಬಂಡೆಗಳ ನಡುವೆ, ಹಿಮ ಮುಚ್ಚಿದ್ದ ಸಂದಿಯೊಂದರಲ್ಲಿ ಅವನ ಕಾಲು ಇಳಿಯಿತು. ಲಟಕ್ಕೆಂದ ಸದ್ದು ರಾದ್ಕಾಳಿಗೂ ಕೇಳಿಸಿತು.

ಅವಳು ರಕ್ಷಣಾ ದಳಕ್ಕೆ ಫೋನ್ ಮಾಡಿದಳು. ಜಾಗದ ಅಂಕಿ ಹೇಳಿ ಎಂದರು. ಡಬ್ಬಿಯ ಪುಟ ಫೋನಿನಲ್ಲಿ ತೆರೆದೇ ಇತ್ತು. ಮೇಲಿದ್ದ ಅಂಕಿಗಳನ್ನು ಸ್ಪಷ್ಟವಾಗಿ, ಎರಡೆರಡು ಸಲ ಓದಿದಳು. ನಲವತ್ತು ನಿಮಿಷದಲ್ಲಿ ಬರುತ್ತೇವೆ ಎಂದರು. ಇದ್ದ ಒಂದೇ ಫೋನ್ ಚಳಿಗೆ ಅಲ್ಲೇ ಸತ್ತಿತು.

ಗಂಡನಿಗೆ ಮೈಶಾಖ ಹಿಡಿದಿಡುವ ಬೆಳ್ಳಿ ಹಾಳೆ ಸುತ್ತಿದಳು, ರಮ್ ಬೆರೆಸಿದ ಚಹಾ ಕುಡಿಸಿದಳು. ನಲವತ್ತು ನಿಮಿಷ ಎಂಬತ್ತಾಯಿತು. ಯಾರೂ ಬರಲಿಲ್ಲ. ಅಕ್ಕಪಕ್ಕ ರಸ್ತೆಯೇನಾದರೂ ಇದೆಯೇ ಎಂದು ಜಿಪಿಎಸ್ ತೆಗೆದು ನೋಡಿದಳು. ಅದರಲ್ಲಿದ್ದ ಅಂಕಿಗಳೇ ಬೇರೆ, ತಾನು ಫೋನಿನಲ್ಲಿ ಓದಿದ್ದೇ ಬೇರೆ.

ಸುಳ್ಳು ಹೇಳಬಹುದಿತ್ತು. 'ಇಲ್ಲೇ ಕೆಳಗಿದಾರೆ, ಕರ್ಕೊಂಡು ಬರ್ತೀನಿ, ಅಲ್ಲಾಡಬೇಡ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಕೈಲಿ ಬೈಸಿಕೊಂಡರೆ ಎದೆಯ ಭಾರ ಇಳಿದೀತು ಎಂಬ ಆಸೆ ಅವಳಿಗೆ.

"ಲುಬೋಶ್, ಪುಟದ ಮೇಲಿರೋ ನಂಬರ್ ಕೊಟ್ಬಿಟ್ಟೆ ಕಣೋ."

"ತೋರಿಕೇದಾ?"

"ಹೂಂ."

ಅವನು ಬೈಯಲಿಲ್ಲ. ತುಟಿ ನೀಲಿಯಾಗಿತ್ತು, ಆದರೂ ನಕ್ಕ. "ನಿನ್ನೆ ಮೊನ್ನೆ ಈ ಆಟಕ್ಕೆ ಸೇರ್ದೋರೂ ಇಂಥ ತಪ್ಪು ಮಾಡಲ್ಲ ಕಣೇ. ಎರಡು ಕಿಲೋಮೀಟರ್ ಕೆಳಗೆ ನಮ್ಮನ್ನ ಹುಡುಕ್ತಿರ್ತಾರೆ. ಜಿಪಿಎಸ್ ತಗೊಂಡು ಹೋಗು. ಬಿದ್ದುಗಿದ್ದೀಯ, ಹುಷಾರು."

ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕಾಡುರಸ್ತೆಯ ಬಳಿ ಮೂವರು ಗಂಡಸರು ತೋರಿಕೆಯ ಚುಕ್ಕೆಯನ್ನೇ ಸುತ್ತುತ್ತ ಅವಳ ಹೆಸರು ಕೂಗುತ್ತಿದ್ದರು. ಅವಳು ಮೇಲೆ ಕೈ ತೋರಿಸಿದಳು. ಸರಿಯಾದ ಅಂಕಿ ಹಿಡಿದು, ಈ ಸಲ ಒಂದು ಹೆಜ್ಜೆಯೂ ತಪ್ಪದೆ, ಎಲ್ಲರೂ ಬಂಡೆಗಳ ಬಳಿ ಬಂದರು.

ಬೆಳ್ಳಿ ಹಾಳೆ ಸಂದಿಗೆ ಸಿಕ್ಕಿಕೊಂಡು ಪಟಪಟ ಬಡಿಯುತ್ತಿತ್ತು. ಲುಬೋಶ್ ಇರಲಿಲ್ಲ. ಗುರುತೆಲ್ಲ ಹಿಮ ಮುಚ್ಚಿತ್ತು.

ಕೋಲಿನಿಂದ ತಿವಿಯುತ್ತ ಹುಡುಕಿ, ಅವನು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ನೂರೈವತ್ತು ಮೀಟರ್ ಕೆಳಗೆ, ಕುಳ್ಳ ಪೈನ್ ಪೊದೆಗೆ ಒರಗಿ, ಮುಖ ಇಳಿಜಾರಿನ ಕಡೆಗಿಟ್ಟು ಮಲಗಿದ್ದ. ಹತ್ತುವಾಗ ಆ ಪೊದೆಯ ಪಕ್ಕದಲ್ಲೇ ಎಲ್ಲರೂ ಹಾದುಹೋಗಿದ್ದರು. ತಂಡದ ಹಿರಿಯ ಅವನ ಕುತ್ತಿಗೆ ಮುಟ್ಟಿ ಬಹಳ ಹೊತ್ತು ನೋಡಿದ, ಆಮೇಲೆ ಕೈ ತೆಗೆದ.

"ಮುರಿದ ಕಾಲಲ್ಲಿ ಇಷ್ಟು ದೂರ ಯಾಕೆ ತೆವಳಿದ್ರೋ ಕಾಣೆ" ಎಂದ ತಗ್ಗಿದ ದನಿಯಲ್ಲಿ. "ಹಾಳೆ ಸುತ್ಕೊಂಡು ಅಲ್ಲೇ ಇದ್ದಿದ್ರೆ, ನಾವು ಬರೋವರೆಗೂ ತಡ್ಕೋತಿದ್ರು."

ರಾದ್ಕಾ ಗಂಡನ ಕೂದಲಿನಿಂದ ಹಿಮ ಕೊಡವುತ್ತಿದ್ದಳು.

"ನೀವು ಎಷ್ಟು ದೂರದಲ್ಲಿದ್ರಿ ಅಂತ ಅವನಿಗೆ ಗೊತ್ತಿತ್ತು" ಎಂದಳು. "ನನಗೆ ನಡಿಗೆ ಕಮ್ಮಿ ಆಗ್ಲಿ ಅಂತ ಎದುರಿಗೆ ಬಂದಿದಾನೆ. ನಿಜ ಹೇಳಿದ್ದು ನಾನೇ."