ಮೊದಲು ಕರೆದವರ ಹೆಸರು

"ಮೊದಲು ಹಾಗೆ ಕರೆದಿದ್ದು ಯಾರು?" ಎಂದು ಕೇಳಿ ಮ್ಯಾಮ್ ಫೆಲಿಸಾ ಪೆನ್ನು ಹಿಡಿದು ಕಾದರು.

ಜೊನಾಲಿನ್ ಬಿದಿರಿನ ತಟ್ಟೆಯ ಮೇಲೆ ಒಣಗುತ್ತಿದ್ದ ಮೀನುಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಲೇ ಇದ್ದಳು. ಹದಿಮೂರು ವರ್ಷದ ಹುಡುಗಿ, ಎಂಟನೇ ತರಗತಿ. ಶಾಲೆಗೆ ಬಾರದೆ ಹದಿನೆಂಟು ದಿನವಾಗಿತ್ತು. ಮ್ಯಾಮ್ ಗಣಿತದ ಟೀಚರು. ಮಕ್ಕಳ ಕಷ್ಟಸುಖ ವಿಚಾರಿಸುವ ಕೆಲಸವನ್ನೂ ಶಾಲೆ ಅವರ ಹೆಗಲಿಗೇ ಹಾಕಿದ್ದರಿಂದ ಮಂಡಿಯ ಮೇಲೆ ಕಿರುಕುಳದ ದೂರಿನ ನಮೂನೆ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದರು. ಇಷ್ಟು ಹೊತ್ತಿಗೆ ಅರ್ಧ ಹಾಳೆ ತುಂಬಿತ್ತು. 'ತಿಂಡಿ' ಎಂದು ಕರೆಯುತ್ತಾರೆ. ಪಕ್ಕದಲ್ಲಿ ಕೂರುವುದಿಲ್ಲ. ಅವಳು ಒಳಗೆ ಬಂದರೆ ಮೂಗು ಹಿಡಿದುಕೊಳ್ಳುತ್ತಾರೆ. ಒಮ್ಮೆ ಅವಳ ಚೀಲಕ್ಕೆ ವಿನೆಗರ್ ಸುರಿದಿದ್ದರು. ಬೆಳಗಿನ ತಿಂಡಿಗೆ, ಬೆಳ್ಳುಳ್ಳಿ ಅನ್ನದ ಜೊತೆ, ಒಣಮೀನನ್ನು ಅದರಲ್ಲಿ ಅದ್ದಿಕೊಂಡೇ ತಿನ್ನುವುದಲ್ಲವೇ!

"ಅಯ್ಯೋ, ಮಕ್ಕಳು ತಮಾಷೆ ಮಾಡ್ತಾರೆ ಮ್ಯಾಮ್. ಇವಳೇ ಮುಟ್ಟಿದ್ರೆ ಮುನಿ," ಎಂದಳು ತಾಯಿ ನೆನಿತಾ. ಟೀಚರು ಮನೆಗೆ ಬಂದಿದ್ದಾರೆಂದು ಓಡಿಹೋಗಿ ಸೋಡಾ ತಂದಿದ್ದಳು. "ಸಮವಸ್ತ್ರಾನ ನಿಂಬೆಹಣ್ಣು ಹಚ್ಚಿ ಮೂರ್ ಮೂರು ಸಲ ಒಗೀತಾಳೆ. ಮೀನಿನ ಗಾಳಿ ತಾಗಬಾರದು ಅಂತ ದೂರದ ಚರ್ಚಿನ ಬೇಲಿ ಮೇಲೆ ಒಣಗಿಸ್ತಾಳೆ. ಎಲ್ಲಾದ್ರೂ ಉಂಟಾ?"

"ಯಾರು ಜೊನಾ? ನಿನ್ನ ಕ್ಲಾಸಿನ ರೆನ್ಜೆಲ್‌ನಾ?"

"ಅವನು ಆಮೇಲೆ," ಎಂದಳು ಹುಡುಗಿ. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. "ಮೊದಲು ನೀವೇ, ಮ್ಯಾಮ್."

"ಏಯ್! ನಾಲಿಗೆ ಬಿಗಿ ಹಿಡಿ!" ನೆನಿತಾ ಮಗಳ ತೋಳಿಗೆ ಒಂದು ಕೊಟ್ಟಳು.

"ಶಾಲೆ ಶುರುವಾದ ಎರಡನೇ ವಾರ. ನಾನು ಬಾಗಿಲ ಹತ್ರ ಕೂತಿದ್ದೆ. ನೀವು ಒಳಗೆ ಬರ್ತಾ ಮೂಗು ಅರಳಿಸಿ, 'ಆಹಾ, ಯಾರೋ ನಂಗೆ ತಿಂಡಿ ತಂದಿದ್ದೀರಲ್ಲ!' ಅಂದ್ರಿ. ನನ್ನೇ ನೋಡ್ಕೊಂಡು ಅಂದ್ರಿ."

ಮ್ಯಾಮ್ ಫೆಲಿಸಾಗೆ ಮೊದಲು ಏನೂ ನೆನಪಾಗಲಿಲ್ಲ. ಆಮೇಲೆ ನಗು ನೆನಪಾಯಿತು. ಸೋಮವಾರ ಬೆಳಗ್ಗೆ ತೂಕಡಿಸುವ ತರಗತಿ ಒಟ್ಟಿಗೆ ಗೊಳ್ಳೆಂದು ನಕ್ಕಿತ್ತು, ತಮಗೆ ಖುಷಿಯಾಗಿತ್ತು. ಅಂದು ಏನೂ ತಿನ್ನದೆ ಬಂದಿದ್ದರು. ವಾಸನೆಗೆ ನಿಜವಾಗಿಯೂ ಬಾಯಲ್ಲಿ ನೀರೂರಿತ್ತು. ಈಗ ಅದನ್ನು ಹೇಳಿ ಏನು ಪ್ರಯೋಜನ?

ನಮ್ಮ ಇಲೋಇಲೋ ಕರಾವಳಿಯಲ್ಲಿ ಅಡ್ಡಹೆಸರಿಲ್ಲದವನು ಇನ್ನೂ ಹುಟ್ಟಬೇಕು. ಬೋಳುತಲೆಯವನು 'ಗುಂಗುರು', ಆರಡಿ ಎತ್ತರದವನು 'ಪುಟ್ಟ'. ಸತ್ತಾಗ ಗೋರಿಯ ಮೇಲೆ ನಿಜವಾದ ಹೆಸರು ಓದಿ 'ಓ, ಇವನಾ' ಎಂದು ಊರು ಕಣ್ಣರಳಿಸುತ್ತದೆ. ಅಡ್ಡಹೆಸರೆಂದರೆ ಪ್ರೀತಿ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಕರೆಸಿಕೊಂಡವರನ್ನು ಕೇಳಿದವರು ಕಡಿಮೆ. ಇಪ್ಪತ್ತಾರು ವರ್ಷ ಪಾಠ ಹೇಳಿದ ಮ್ಯಾಮ್ ಫೆಲಿಸಾ ಇಂಥ ಹೆಸರಿಡುವುದರಲ್ಲಿ ಎತ್ತಿದ ಕೈ.

"ಬರೀತೀರಾ?" ಎಂದಳು ಜೊನಾಲಿನ್.

"ಬರೀತೀನಿ."

"ಸುಮ್ನೆ ಅಂತೀರಿ. ದೊಡ್ಡೋರು ಬರೆಯಲ್ಲ." ಹುಡುಗಿಯ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಬರೆದು ಕಳಿಸಿದ್ರೆ ಶಾಲೆಗೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಮೀನು ಮಗುಚ್ತೀನಿ."

ಶಾಲೆಯ ಗೇಟಿಗೆ ಅದಾಗಲೇ ಒಂದು ಟಾರ್ಪಾಲಿನ್ ಬ್ಯಾನರ್ ಬಿಗಿದಿದ್ದರು. 'ಅಭಿನಂದನೆಗಳು! ಸತತ ಮೂರನೇ ವರ್ಷ ಕಿರುಕುಳದ ಪ್ರಕರಣ: 0.' ಒಂದು ಕಡೆ ಹೆಡ್‌ಮಾಸ್ಟರ್ ಸರ್ ಕ್ರಿಸಾಂತೊ, ಇನ್ನೊಂದು ಕಡೆ ಮ್ಯಾಮ್ ಫೆಲಿಸಾ, ಮೊರದಗಲದ ಎರಡು ನಗುಮುಖ, ನಡುವೆ ಅದಕ್ಕಿಂತ ದೊಡ್ಡ ಸೊನ್ನೆ. ಜಿಲ್ಲಾ ಕಚೇರಿಗೆ ವರದಿ ಹೋಗಬೇಕಾದದ್ದು ಶುಕ್ರವಾರ. ಬ್ಯಾನರ್ ಬಂದದ್ದು ಹಿಂದಿನ ವಾರ. ಕೂಸು ಹುಟ್ಟುವ ಮುಂಚೆ ಕುಲಾವಿ! ಹಿಂದಿನ ಎರಡು ಸೊನ್ನೆಗಳನ್ನು ಬರೆದವರು ಮ್ಯಾಮ್ ಅವರೇ. ಹೊಡೆದಾಟವನ್ನು 'ಮನಸ್ತಾಪ' ಎಂದು, ಅಣಕವನ್ನು 'ತಮಾಷೆ' ಎಂದು ಬರೆದು, ಮಕ್ಕಳ ಕೈ ಕುಲುಕಿಸಿ ಕಳಿಸಿದರೆ ಸೊನ್ನೆ ತಾನಾಗಿ ಬರುತ್ತದೆ.

ಗುರುವಾರ ಸಂಜೆ ಸರ್ ಕ್ರಿಸಾಂತೊ ಹಾಳೆಗಳನ್ನು ಎರಡೆರಡು ಸಲ ಓದಿದರು.

"ಮ್ಯಾಮ್, ನಿಮ್ಮದು ಕಿರುಕುಳದ ವ್ಯಾಖ್ಯೆಗೇ ಬರಲ್ಲ. ನೋಡಿ, 'ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ' ಅಂತಿದೆ. ನೀವೇನು ವಿದ್ಯಾರ್ಥಿನಾ?"

"ಅಲ್ಲ ಸರ್. ಅದಕ್ಕೇ ಎರಡು ನಮೂನೆ ತಂದಿದ್ದೀನಿ. ಒಂದು ಹುಡುಗರದ್ದು. ಇನ್ನೊಂದು ಟೀಚರ್ ಮೇಲಿನ ದೂರಿಂದು."

ಸರ್ ಎದ್ದು ಬಾಗಿಲು ಮುಂದೆ ಮಾಡಿದರು. ಅವರು ಕೆಟ್ಟವರಲ್ಲ. ಪ್ರವಾಹ ಬಂದ ವರ್ಷ ಕಪಾಟಿನ ಪುಸ್ತಕಗಳನ್ನೆಲ್ಲ ತಲೆಯ ಮೇಲೆ ಹೊತ್ತು ಮಹಡಿಗೆ ಸಾಗಿಸಿದ ಮನುಷ್ಯ. ಬ್ಯಾನರ್ ಎಂದರೆ ಮಾತ್ರ ಪ್ರಾಣ.

"ಇದು ನಿಮ್ಮ ಸರ್ವಿಸ್ ಫೈಲಿಗೆ ಹೋಗುತ್ತೆ. ಬಡ್ತಿ ಪಟ್ಟೀಲಿ ನಿಮ್ಮದೇ ಮೊದಲ ಹೆಸರು. ಒಂದು ಮಾತು, ಅದೂ ಮೀನು ತಿನ್ನೋ ಆಸೆಗೆ ಅಂದಿದ್ದು! ಹುಡುಗರ ನಮೂನೆಗೆ ಈಗಲೇ ಸಹಿ ಹಾಕ್ತೀನಿ. ಸೊನ್ನೆ ಹೋದ್ರೆ ಹೋಗ್ಲಿ. ನಿಮ್ಮ ಹೆಸರು ಬೇಡ."

"ರೆನ್ಜೆಲ್‌ಗೆ ಈ ಪಾಠ ಹೇಳಿಕೊಟ್ಟೋಳು ನಾನು ಸರ್. ಈಗ ಅವನನ್ನ ಮಾತ್ರ ಫೇಲ್ ಮಾಡ್ಲಾ?"

"ಆ ಹುಡುಗಿ ಹತ್ರ ಕ್ಷಮೆ ಕೇಳಿ. ಸಾಕಾಗಲ್ವಾ?"

"ಕೇಳ್ತೀನಿ. ಆದ್ರೆ ಅವಳು ಕೇಳಿದ್ದು ಕ್ಷಮೆಯಲ್ಲ. ಬರೀತೀರಾ ಅಂತ ಕೇಳಿದ್ಳು."

ಸರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಕಿಟಕಿಯಾಚೆ ಗೇಟಿನಲ್ಲಿ ಬ್ಯಾನರ್ ಗಾಳಿಗೆ ಪಟಪಟ ಅನ್ನುತ್ತಿತ್ತು.

"ಆ ಫೋಟೋದಲ್ಲಿ ನಾನು ಚೆನ್ನಾಗಿ ಬಂದಿದ್ದೆ," ಎಂದರು. "ಪೆನ್ನು ಕೊಡಿ."

ಶುಕ್ರವಾರ ತಂದೆತಾಯಿಗಳ ಸಭೆ. ರೆನ್ಜೆಲ್‌ನ ತಾಯಿ ಬರುವಾಗಲೇ ಸೊಂಟಕ್ಕೆ ಸೆರಗು ಕಟ್ಟಿದವಳ ಹಾಗೆ ಬಂದಳು. "ತಮಾಷೆ ಮಾಡಿದ್ದಕ್ಕೆ ನನ್ನ ಮಗನ ಮೇಲೆ ಕಾಗದಾನಾ? ನಾವು ಚಿಕ್ಕೋರಿದ್ದಾಗ ಇದೆಲ್ಲ ಇತ್ತಾ?" ಮ್ಯಾಮ್ ಏನೂ ವಾದಿಸದೆ ಇನ್ನೊಂದು ಹಾಳೆಯನ್ನು ಅವಳ ಮುಂದೆ ಸರಿಸಿದರು. 'ದೂರು ಯಾರ ಮೇಲೆ: ಫೆಲಿಸಾ ಮಗ್ಬನ್ವಾ, ಶಿಕ್ಷಕಿ. ವರದಿ ಮಾಡಿದವರು: ಫೆಲಿಸಾ ಮಗ್ಬನ್ವಾ.' ಆ ತಾಯಿ ಎರಡು ಸಾಲನ್ನೂ ಬೆರಳಿಟ್ಟು ಓದಿದಳು. ಆಮೇಲೆ ಮಗನ ಹಾಳೆಗೆ ಸಹಿ ಹಾಕಿದಳು.

ಎಂಟನೇ ತರಗತಿಗೂ ಮ್ಯಾಮ್ ನಿಂತುಕೊಂಡೇ ಎಲ್ಲ ಹೇಳಿದರು. ಯಾರೂ ನಗಲಿಲ್ಲ. ರೆನ್ಜೆಲ್ ಕೈ ಎತ್ತಿದ.

"ಮ್ಯಾಮ್, ನಮಗೆ ಮೂರು ವಾರ ಸಂಜೆ ನಿಲ್ಲೋ ಶಿಕ್ಷೆ. ನಿಮಗೆ?"

"ಗೊತ್ತಿಲ್ಲ ಮಗು. ಅದನ್ನ ಬೇರೆಯವರು ಹೇಳ್ಬೇಕು."

"ಹೆದರಿಕೆ ಆಗ್ತಿದ್ಯಾ?"

"ಹೂಂ," ಎಂದರು ಮ್ಯಾಮ್.

ಎಚ್ಚರಿಕೆಯ ಪತ್ರ ಬಂದದ್ದು ಮೂರು ತಿಂಗಳ ಮೇಲೆ, ಬಡ್ತಿ ಪಟ್ಟಿಯಿಂದ ಹೆಸರು ಹೋದದ್ದು ಅದರ ಹಿಂದೆಯೇ. ಹೆಚ್ಚಿನವರು ಅವರನ್ನು ಪೆದ್ದಿ ಎಂದರು. ಗಟ್ಟಿ ಹೆಂಗಸು ಎಂದು ಯಾರಾದರೂ ಅವರ ಎದುರಿಗೇ ಹೇಳಬೇಕಿತ್ತು. ಹೇಳಲಿಲ್ಲವಲ್ಲ ಎಂದು ನಮ್ಮಲ್ಲಿ ಕೆಲವರಿಗೆ ಇಂದಿಗೂ ಕೊರಗು ಇದೆ. ಇರಲಿ, ಅದು ಆಮೇಲಿನ ಮಾತು.

ಆ ಶನಿವಾರ ಬೆಳಗ್ಗೆ ಮ್ಯಾಮ್ ಮತ್ತೆ ಜೊನಾಲಿನ್ ಮನೆಗೆ ಹೋದರು. ಕಂಕುಳಲ್ಲಿ ದೊಡ್ಡದೊಂದು ಸುರುಳಿ ಇತ್ತು. ಮೊದಲು ಚೀಲದಿಂದ ತಮ್ಮ ಮೇಲಿನ ದೂರಿನ ನಕಲು ತೆಗೆದು ಹುಡುಗಿಯ ಕೈಗೆ ಕೊಟ್ಟರು. ಶುಕ್ರವಾರವೇ ತಲುಪಿತೆಂದು ಜಿಲ್ಲಾ ಕಚೇರಿ ಒತ್ತಿದ ನೇರಳೆ ಮುದ್ರೆ ಅದರ ಮೇಲಿತ್ತು. ಜೊನಾಲಿನ್ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓದಿದಳು, ಮಡಚಿ ಹಿಂದಕ್ಕೆ ಕೊಟ್ಟಳು.

"ತಪ್ಪಾಯ್ತು ಜೊನಾ," ಎಂದರು ಮ್ಯಾಮ್.

ಹುಡುಗಿ ತಲೆಯಾಡಿಸಿದಳು. ಕಂಕುಳಿನ ಸುರುಳಿ ತೋರಿಸಿ, "ಅದೇನು?" ಎಂದಳು.

"ಗೇಟಿಂದ ಬಿಚ್ಚಿದ್ರು. ಮೀನು ಒಣಗಿಸೋಕೆ ತಟ್ಟೆ ಸಾಲ್ತಿಲ್ಲ ಅಂತ ಮೊನ್ನೆ ನಿಮ್ಮಮ್ಮ ಅಂದಿದ್ರಲ್ಲ."

ಹಿಂದಿನ ದಿನ ಮೀನು ಚೆನ್ನಾಗಿ ಬಿದ್ದಿತ್ತು. ಮರ್ಯಾದೆಗೆಂದು ನೆನಿತಾ ಬ್ಯಾನರನ್ನು ಬೋರಲು ಹಾಸಲು ಹೋದಳು. "ಈ ಕಡೆ ಮೇಲಿರ್ಲಿ, ನುಣುಪಾಗಿದೆ, ಮೀನು ಅಂಟಲ್ಲ," ಎಂದು ಮ್ಯಾಮ್ ತಾವೇ ತಿರುಗಿಸಿ ಹಾಸಿದರು. ಮೂವರೂ ಕುಕ್ಕರಗಾಲಲ್ಲಿ ಕೂತು ಉಪ್ಪಿನ ಮೀನು ಹರವತೊಡಗಿದರು. ಅಭಿನಂದನೆಗಳು ಮುಚ್ಚಿಹೋದವು. ಸೊನ್ನೆ ಮುಚ್ಚಿಹೋಯಿತು. ಸರ್ ಕ್ರಿಸಾಂತೊ ಅವರ ಹಣೆ, ಕನ್ನಡಕ, ನಗು ಎಲ್ಲವೂ ಹೋದವು. ಮನೆಯದೇ ಬೇಲಿಯ ಮೇಲೆ, ಮೀನಿಗೆ ಒಂದೇ ಮಾರು ದೂರದಲ್ಲಿ, ಒಂದು ಸಮವಸ್ತ್ರ ಒಣಗುತ್ತಿತ್ತು.

ಜೊನಾಲಿನ್ ಕೊನೆಯ ಮೂಲೆಗೆ ಬಂದು ಕೈ ತಡೆದಳು.

"ಇದು ನಿಮ್ಮ ಮುಖ, ಮ್ಯಾಮ್."

"ಗೊತ್ತು. ಬಿಸಿಲು ಚೆನ್ನಾಗಿ ಬೀಳೋ ಜಾಗ. ಬಿಡಬೇಡ."

ಹುಡುಗಿ ಬುಟ್ಟಿಯಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿದಳು. ಚಿತ್ರದ ಮೂಗಿನ ಮೇಲೆ ನೆಟ್ಟಗೆ ಇಟ್ಟಳು. ಸ್ವಲ್ಪ ಓರೆಯಾಗಿತ್ತು, ಸರಿಮಾಡಿದಳು. ಆಮೇಲೆ ತಲೆಯೆತ್ತಿ ನಿಜವಾದ ಮುಖವನ್ನು ನೋಡಿದಳು.

"ತಿಂಡಿ ಆಯ್ತಾ, ಮ್ಯಾಮ್?"

"ಇನ್ನೂ ಇಲ್ಲ," ಎಂದರು ಮ್ಯಾಮ್ ಫೆಲಿಸಾ.

ನೆನಿತಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿಸಿತು.