ಕಾರ್ಖಾನೆಯ ಹಿಂದಿನ ಚರಂಡಿ

ಬೀದಿಯ ಕೊನೆಯ ಚರಂಡಿ ಮತ್ತೆ ಕಟ್ಟಿಕೊಂಡಿತ್ತು. ಕೊಳಕು ನೀರು ರಸ್ತೆಗೆ ಉಕ್ಕಿ, ಹೊಲಿಗೆ ಅಂಗಡಿಯ ಮೆಟ್ಟಿಲ ತನಕ ಬಂದು ನಿಂತಿತ್ತು. "ಎಷ್ಟು ಸಲ ಹೇಳಿದ್ರೂ ಅಷ್ಟೇ, ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ಹೊಲಿಗೆಯವಳು ಗೊಣಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಂತೂ ಚರಂಡಿ ತೆಗೆಯುವ ಇಬ್ಬರು ಬಂದರು.

ಅವರಲ್ಲಿ ಹಿರಿಯನು ಕಬ್ಬಿಣದ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದ. ಬಗ್ಗಿದವನು ಮತ್ತೆ ಏಳಲಿಲ್ಲ. ಅಂಚಿನ ಮೇಲೆ ಹಾಗೇ ಕುಸಿದ. ಅವನನ್ನು ಎಳೆಯಲು ಓಡಿ ಬಂದ ಕಿರಿಯನೂ ಎರಡು ಹೆಜ್ಜೆ ತೂರಾಡಿ ಅವನ ಪಕ್ಕದಲ್ಲೇ ಬಿದ್ದ. ಹತ್ತಿರ ಹೋಗಲು ಯಾರಿಗೂ ಧೈರ್ಯ ಸಾಲಲಿಲ್ಲ. ಕೊನೆಗೆ ಯಾರೋ ಉದ್ದನೆಯ ಕೊಕ್ಕೆ ತಂದು, ಉಸಿರು ಬಿಗಿಹಿಡಿದು, ಇಬ್ಬರನ್ನೂ ದೂರಕ್ಕೆ ಎಳೆದರು. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು.

"ಚರಂಡಿ ಗಾಳಿ ಬಡೀತು, ಪಾಪ" ಎಂದು ಜನ ಮಾತಾಡಿಕೊಂಡರು.

ಅದೇ ಬೀದಿಯಲ್ಲಿ ನಲ್ಲಿಗಳಿಗೂ ಬಾಗಿಲಿನ ಹಿಡಿಕೆಗಳಿಗೂ ಹೊಳಪಿನ ಲೋಹದ ಲೇಪ ಹಾಕುವ ಒಂದು ಕಾರ್ಖಾನೆ ಇತ್ತು. ಅದರ ಯಜಮಾನ ಗಲಾಟೆ ಕೇಳಿ ಹೊರಗೆ ಬಂದಿದ್ದ. ಜನರ ಮಾತು ಕೇಳಿ "ಹೌದೌದು, ಗಾಳಿಯೇ ಇರಬೇಕು" ಎಂದು ತಾನೂ ತಲೆಯಾಡಿಸಿದ. ಆಮೇಲೆ ತಿರುಗಿ ತನ್ನ ಗೇಟಿನ ಕಡೆ ನೋಡಿದ. ಅಲ್ಲಿ ಅವನ ಹೆಂಡತಿಯ ತಮ್ಮ ನಿಂತಿದ್ದ. ಕಾರ್ಖಾನೆಯ ಮೇಸ್ತ್ರಿ ಅವನೇ. ಅವನ ಮುಖ ಬಿಳುಚಿಕೊಂಡು ತುಟಿ ಅದುರುತ್ತಿತ್ತು.

ಯಜಮಾನ ಅವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. "ಏನೋ ಮಾಡಿದೆ?"

"ಭಾವ, ಹಳೇ ತೊಟ್ಟಿ ನೀರು... ಅದನ್ನ ತಗೊಂಡು ಹೋಗೋ ಲಾರಿ ಬರಲೇ ಇಲ್ಲ. ಹೊಸ ಆರ್ಡರಿಗೆ ತೊಟ್ಟಿ ಖಾಲಿ ಬೇಕಿತ್ತು. ಹಿಂದಿನ ತೂಬು ತೆಗೆದು ಚರಂಡಿಗೆ ಬಿಟ್ಟೆ. ಆಮೇಲೆ ತುಕ್ಕು ತೆಗೆಯೋ ಆಸಿಡ್ ನೀರನ್ನೂ ಬಿಟ್ಟೆ."

ಲೇಪ ಹಾಕುವ ತೊಟ್ಟಿಯ ನೀರಿನಲ್ಲಿ ಸಯನೈಡ್ ಇರುತ್ತದೆ. ಅದಕ್ಕೆ ಆಸಿಡ್ ಸೇರಿದರೆ ಏಳುವುದು ವಿಷದ ಗಾಳಿ. ಇದು ಆ ಕೆಲಸದವರಿಗೆಲ್ಲ ಗೊತ್ತಿರುವ ವಿಷಯ.

"ಚರಂಡಿಗೆ ಸುರಿ ಅಂತ ನಾನು ಹೇಳಿದ್ನಾ?"

"ಸುರೀಬೇಡ ಅಂತಾನೂ ಹೇಳ್ಲಿಲ್ಲ. ಹೆಂಗಾದ್ರೂ ಮಾಡಿ ಖಾಲಿ ಮಾಡು, ನಂಗೆ ಕಥೆ ಹೇಳ್ಬೇಡ ಅಂದ್ರಿ."

ಯಜಮಾನ ಕಿಟಕಿಯನ್ನೂ ಮುಚ್ಚಿದ. ಅಷ್ಟರಲ್ಲಿ ಅವನ ಹೆಂಡತಿ ಒಳಗೆ ಬಂದಳು. ಪ್ಯಾಕಿಂಗ್ ಕೆಲಸ ನೋಡಿಕೊಳ್ಳುವವಳು ಅವಳು. ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೂಡಲೇ ಫೋನ್ ಎತ್ತಿ ತನ್ನ ಶಾಲೆಯ ಗೆಳತಿಯನ್ನು ಕರೆದಳು. ಆ ಗೆಳತಿ ಕಂಪನಿಗಳ ಮೊಕದ್ದಮೆ ನಡೆಸುವ ವಕೀಲೆ, ಪಕ್ಕದ ಬೀದಿಯವಳು. ಊರೆಲ್ಲ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿತ್ತು.

ಮೇಸ್ತ್ರಿ ಮೆಲ್ಲಗೆ ಹೇಳಿದ. "ಭಾವ, ಪೈಪ್ ಹಿಡಿದು ಹಿತ್ತಿಲು ತೊಳೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ತೊಳಿ" ಎಂದ ಯಜಮಾನ. ಮೇಸ್ತ್ರಿ ಹೊರಗೆ ಹೊರಟ.

ಬಾಗಿಲಲ್ಲೇ ವಕೀಲಮ್ಮ ಎದುರಾದಳು; ಒಳಗಿನ ಮಾತು ಅವಳ ಕಿವಿಗೂ ಬಿದ್ದಿತ್ತು. "ಪೈಪ್ ಮುಟ್ಬೇಡ. ಅಲ್ಲೇ ನಿಲ್ಲು" ಎಂದಳು. ವಿಷಯ ಕೇಳಿದ ಮೇಲೆ ಕುಳಿತುಕೊಳ್ಳಲೂ ಇಲ್ಲ. "ಆಸ್ಪತ್ರೆಗೆ ಹೇಳಿದ್ರಾ? ಅಲ್ಲಿ ಡಾಕ್ಟರು ಮಾಮೂಲಿ ಚರಂಡಿ ಗಾಳಿ ಅಂದ್ಕೊಂಡು ಔಷಧಿ ಕೊಡ್ತಿದ್ದಾರೆ. ಇದಕ್ಕೆ ಬೇರೆ ಮದ್ದು ಇದೆ. ಏನು ವಿಷ ಅಂತ ಗೊತ್ತಾಗದೆ ಅವರು ಏನು ಮಾಡ್ತಾರೆ?"

"ಹೇಳಿದ್ರೆ ನಾವೇ ಒಪ್ಪಿಕೊಂಡಂಗೆ ಆಗಲ್ವಾ?" ಎಂದ ಯಜಮಾನ. "ಅವರು ಕೇಳೋ ಮುಂಚೆ ನಾವೇ ಹೋಗಿ ಹೇಳೋದಂದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ."

"ಕಳ್ಳತನ ಆಗಿಹೋಗಿದೆ. ಈಗ ಉಳಿದಿರೋದು ಎರಡು ಜೀವ."

"ಇವನು ತನ್ನ ಪಾಡಿಗೆ ತಾನು ಮಾಡಿದ್ದು ಅಂತ ಹೇಳಿದ್ರೆ? ಇವತ್ತೇ ಕೆಲಸದಿಂದ ತೆಗೆದು ಹಾಕ್ತೀನಿ." ಮೇಸ್ತ್ರಿ ತಲೆ ತಗ್ಗಿಸಿದ. ಯಜಮಾನ ಅವನ ಕಡೆ ನೋಡಲಿಲ್ಲ.

"ಇವನು ತನ್ನ ಮನೆ ಪಾತ್ರೆ ತೊಳೆದ ನೀರು ಚೆಲ್ಲಿದ್ನಾ?" ಎಂದಳು ವಕೀಲಮ್ಮ. "ಕಂಪನಿ ತೊಟ್ಟಿ, ಕಂಪನಿ ಆರ್ಡರು, ಲಾಭಾನೂ ಕಂಪನಿಗೇ. ಕಂಪನಿಯ ಕೆಲಸದವನು ಕಂಪನಿಯ ಒಳ್ಳೇದಕ್ಕೆ ಅಂತ ಅಪರಾಧ ಮಾಡಿದ್ರೆ, ಎಷ್ಟೋ ಕಡೆ ಕಾನೂನು ಕಂಪನಿಯನ್ನೂ ಆರೋಪಿ ಅಂತ ನಿಲ್ಲಿಸುತ್ತೆ."

"ಕಂಪನಿಗೆ ಕೈ ಇದೆಯಾ ಕಾಲಿದೆಯಾ? ಅದನ್ನ ಜೈಲಿಗೆ ಹಾಕ್ತಾರಾ?"

"ಜೈಲಿಗೆ ಹಾಕೋಕಾಗಲ್ಲ. ದಂಡ ಹಾಕ್ತಾರೆ, ಪರವಾನಗಿ ಕಿತ್ಕೋತಾರೆ, ಬಾಗಿಲು ಮುಚ್ಚಿಸ್ತಾರೆ. ಗೊತ್ತಿದ್ದೂ ಸುಮ್ಮನಿದ್ದ ಮನುಷ್ಯರನ್ನ ಬೇರೆಯಾಗಿ ಹಿಡೀತಾರೆ. ಅವರು ಕೇಳೋ ಮೊದಲನೇ ಪ್ರಶ್ನೆ ಏನು ಗೊತ್ತಾ? ಇದನ್ನ ತಡೆಯೋಕೆ ನೀವು ಮುಂಚೆ ಏನು ವ್ಯವಸ್ಥೆ ಮಾಡಿದ್ರಿ ಅಂತ. ಏನು ಮಾಡಿದ್ರಿ?"

ಯಜಮಾನನಿಗೆ ಒಂದು ಹಳೆಯ ಮಾತು ನೆನಪಾಯಿತು. ಹಿಡಿಕೆ ತೊಳೆಯುವ ವಿಭಾಗದ ಹಿರಿಯ ಹೆಂಗಸೊಬ್ಬಳು ಹೋದ ತಿಂಗಳು ಬಂದು, "ಯಜಮಾನ್ರೇ, ಹಿಂದಿನ ತೂಬಿನ ಹತ್ರ ವಾಸನೆ ಸರಿಯಿಲ್ಲ, ನೋಡಿಸಿ" ಎಂದಿದ್ದಳು. ಅವನು ನೋಡಿಸಿರಲಿಲ್ಲ. ಆ ಮಾತಿಗಾಗಿ ಮೇಸ್ತ್ರಿ ಅವಳನ್ನು ಅಂಗಳ ಗುಡಿಸಲು ಹಾಕಿದ್ದ. ಅದು ಗೊತ್ತಾಗಿಯೂ ಯಜಮಾನ ಸುಮ್ಮನಿದ್ದ. ಅಂದಿನಿಂದ ಕಾರ್ಖಾನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವನೂ ನೆಮ್ಮದಿಯಾಗಿದ್ದ.

"ರೀ" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಇವನು ನನ್ನ ಒಡಹುಟ್ಟಿದವನು. ಇವನು ಜೈಲಿಗೆ ಹೋದ್ರೆ ನಮ್ಮಮ್ಮನ ಮುಖ ಹೆಂಗೆ ನೋಡ್ಲಿ ಅಂತ ನಂಗೂ ಸಂಕಟ ಇದೆ. ಆದ್ರೆ ಅಲ್ಲಿ ಮಲಗಿರೋರಿಗೂ ಅಕ್ಕತಂಗೀರು ಇರ್ತಾರೆ. ನೀವು ಫೋನ್ ಮಾಡ್ತೀರೋ, ನಾನು ಮಾಡ್ಲೋ?"

ಯಜಮಾನ ಫೋನ್ ಕೈಗೆತ್ತಿಕೊಂಡ. ಆಸ್ಪತ್ರೆಯ ನಂಬರ್ ಒತ್ತಿದ. ಆ ಕಡೆ ನರ್ಸ್ ಎತ್ತಿದಳು. "ಈಗ ಬಂದ್ರಲ್ಲ, ಚರಂಡಿ ಕೆಲಸದೋರು ಇಬ್ರು..." ಎಂದು ಶುರು ಮಾಡಿದ. "ಅದು ಬರೀ ಗಾಳಿ ಅಲ್ಲ. ಸಯನೈಡ್. ನಮ್ಮ ಕಾರ್ಖಾನೆಯಿಂದ ಹೋಗಿದ್ದು."

ಆ ಕಡೆ ಓಡುವ ಹೆಜ್ಜೆಗಳ ಸಪ್ಪಳ, ಡಾಕ್ಟರನ್ನು ಕೂಗುವ ದನಿ.

ಮುಂದಿನ ಫೋನ್ ನಗರಸಭೆಗೆ, ಆಮೇಲೆ ಪೊಲೀಸರಿಗೆ. ಪೊಲೀಸರು ಬಂದು ಬೀದಿಯ ಜನರನ್ನು ದೂರ ಸರಿಸಿದರು. ಹೊಲಿಗೆಯವಳು ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಹೊರಗೆ ಬಂದಳು. ಯಜಮಾನ ಆಸ್ಪತ್ರೆಗೆ ಹೋಗಿ ತುರ್ತು ಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತ. ಎದುರು ಬೆಂಚಿನಲ್ಲಿ ಹಿರಿಯ ಕೆಲಸಗಾರನ ಹೆಂಡತಿ. ಇವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ನಿಮ್ಮೋರು ಯಾರು ಒಳಗಿದ್ದಾರೆ?" ಎಂದು ಕೇಳಿದಳು. ಅವನು ಕೋಣೆಯ ಬಾಗಿಲ ಕಡೆ ಮುಖ ತಿರುಗಿಸಿದ.

ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಡಾಕ್ಟರು ಹೊರಗೆ ಬಂದು ಹೇಳಿದರು. "ಇಬ್ಬರೂ ಬದುಕಿದ್ದಾರೆ. ಇನ್ನೂ ಸ್ವಲ್ಪ ತಡ ಆಗಿದ್ರೆ ಏನೂ ಮಾಡೋಕಾಗ್ತಿರಲಿಲ್ಲ."

ಆಗ ಅವನು ಆ ಹೆಂಗಸಿಗೆ ತಾನು ಯಾರೆಂದು ಹೇಳಿದ. ಅವಳು ಬಯ್ಯಲಿಲ್ಲ, ಅಳಲಿಲ್ಲ. "ಮುಂಚೆ ಒಂದು ಮಾತು ಹೇಳಿದ್ದಿದ್ರೆ, ನಮ್ಮೋರು ಆ ಮುಚ್ಚಳಾನೇ ಎತ್ತುತಿರ್ಲಿಲ್ಲ" ಎಂದಳು. ಆ ಮಾತು ಅವನ ಎದೆಗೆ ಮೊಳೆ ಹೊಡೆದಂತೆ ನಾಟಿತು.

ಹಿರಿಯನು ಚೇತರಿಸಿಕೊಂಡ. ಕಿರಿಯನ ಬಲಗೈ ನಡುಕ ಇಂದಿಗೂ ಹೋಗಿಲ್ಲ. ಮೊಕದ್ದಮೆ ನಡೆಯಿತು. ಕಂಪನಿಯೇ ಆರೋಪಿಯಾಗಿ ದಂಡ ತೆತ್ತಿತು, ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು. ಮೇಸ್ತ್ರಿ ಜೈಲಿಗೆ ಹೋದ. ಯಜಮಾನನಿಗೂ ಶಿಕ್ಷೆಯಾಯಿತು. ತಾನಾಗಿಯೇ ತಿಳಿಸಿದ್ದರಿಂದ ಅದು ಕಡಿಮೆಯಾಯಿತೇ ಹೊರತು ತಪ್ಪಲಿಲ್ಲ.

ಬಾಗಿಲು ಮತ್ತೆ ತೆರೆಯುವ ಮುಂಚೆ ವಕೀಲಮ್ಮ ಬಂದು ಕುಳಿತಳು. "ಗೋಡೆ ಮೇಲೆ ನಾಲ್ಕು ಒಳ್ಳೇ ಮಾತು ಬರೆಸಿಬಿಡೋಣ ಬಿಡು" ಎಂದ ಯಜಮಾನನಿಗೆ, "ಗೋಡೆ ಓದಿ ಯಾರೂ ತೂಬು ಮುಚ್ಚಲ್ಲ" ಎಂದಳು. ಮೊದಲು ಕಾರ್ಖಾನೆಯಲ್ಲೆಲ್ಲ ಓಡಾಡಿ, ಎಲ್ಲೆಲ್ಲಿ ತಪ್ಪು ನಡೆಯಬಹುದು ಎಂದು ನೋಡಿದರು. ಹಿಂದಿನ ತೂಬಿಗೆ ಸಿಮೆಂಟ್ ಬಿತ್ತು. ವಿಷದ ನೀರು ಸಾಗಿಸುವ ಲಾರಿಯವರು ಅದನ್ನು ನಿಜಕ್ಕೂ ಎಲ್ಲಿ ಇಳಿಸುತ್ತಾರೆಂದು ಯಜಮಾನನೇ ಹಿಂದೆ ಹೋಗಿ ನೋಡಿ ಬಂದ. ಅಂಗಳ ಗುಡಿಸುತ್ತಿದ್ದ ಆ ಹಿರಿಯ ಹೆಂಗಸಿನ ಕ್ಷಮೆ ಕೇಳಿ, ಎಲ್ಲರ ಮುಂದೆ ಒಂದು ಅಧಿಕಾರ ಕೊಟ್ಟ. ಅಪಾಯ ಕಂಡರೆ ಅವಳು ಕೆಲಸ ನಿಲ್ಲಿಸಬಹುದು, ಯಜಮಾನನೂ ಅದನ್ನು ಮೀರುವಂತಿಲ್ಲ. ದೂರು ಹೇಳಬೇಕಾದವರಿಗೆ ವಕೀಲಮ್ಮನ ಕಚೇರಿಯ ಫೋನ್ ನಂಬರ್ ಇತ್ತು. ದೂರು ಹೇಳಿದವರನ್ನು ಯಾರಾದರೂ ಸತಾಯಿಸಿದರೆ, ನೆಂಟನಾದರೂ ಸರಿ, ಅವನಿಗೆ ಅಲ್ಲಿ ಜಾಗವಿಲ್ಲ. ವಕೀಲಮ್ಮ ಇದನ್ನೆಲ್ಲ ಕೆಲಸಗಾರರಿಗೆ ಪಾಠ ಹೇಳಿದಾಗ ಮೊದಲ ಸಾಲಿನಲ್ಲಿ ಕುಳಿತವನು ಯಜಮಾನನೇ.

ಪರೀಕ್ಷೆಯ ದಿನವೂ ಬಂತು. ದೊಡ್ಡ ಆರ್ಡರ್, ತುಂಬಿದ ತೊಟ್ಟಿ, ಬಾರದ ಲಾರಿ. ಗಿರಾಕಿ ಫೋನಿನ ಮೇಲೆ ಫೋನ್ ಮಾಡುತ್ತಿದ್ದ. ಆ ಹಿರಿಯ ಹೆಂಗಸು ಹೋಗಿ ಯಂತ್ರ ನಿಲ್ಲಿಸಿದಳು. ಯಜಮಾನನಿಗೆ ಸಿಟ್ಟು ನೆತ್ತಿಗೇರಿತು. "ಏನಮ್ಮ ನೀನು..." ಎಂದು ಎರಡು ಹೆಜ್ಜೆ ಮುಂದೆ ಹೋದ. ಕೆಲಸಗಾರರೆಲ್ಲ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಅವಳು ಕದಲಲಿಲ್ಲ.

"ಲಾರಿ ಬರೋ ತನಕ ಆಗಲ್ಲ ಯಜಮಾನ್ರೇ."

ಅವನು ಸಿಟ್ಟು ನುಂಗಿಕೊಂಡ. ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಗಿರಾಕಿಗೆ ಹೇಳಿದ. "ಇವತ್ತು ಆಗಲ್ಲ ಸ್ವಾಮಿ. ಬೇರೆ ಕಡೆ ಮಾಡಿಸ್ಕೊಳ್ಳೋದಾದ್ರೆ ಮಾಡಿಸ್ಕೊಳ್ಳಿ." ಗಿರಾಕಿ ಮಾಡಿಸಿಕೊಂಡ. ಆರ್ಡರ್ ಕೈತಪ್ಪಿತು.

ಆ ಸಂಜೆ ಮನೆಯಲ್ಲಿ ಈ ವಿಷಯ ಬಂದಾಗ ಭಾವಮೈದುನನೂ ಇದ್ದ. ಜೈಲಿನಿಂದ ಬಂದು ಕೆಲವೇ ವಾರ ಆಗಿತ್ತು. "ಆವತ್ತು ನನ್ನ ಹಿಂಗೆ ತಡೆಯೋರು ಒಬ್ರು ಇದ್ದಿದ್ರೆ" ಎಂದವನು ಮಾತು ಮುಗಿಸಲಿಲ್ಲ. ಅವನ ಅಕ್ಕ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಯಜಮಾನ, "ತಡೀಬೇಕಾಗಿದ್ದೋನು ನಾನು" ಎಂದ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದು ಕಾರ್ಖಾನೆ ಇರಬಹುದು, ಗೋದಾಮು ಇರಬಹುದು, ನಾಲ್ಕೇ ಜನರ ಅಂಗಡಿ ಇರಬಹುದು. ನಿಮ್ಮ ಹೆಸರಿನಲ್ಲಿ ನಿಮ್ಮವರು ಮಾಡುವ ಅಪರಾಧ ನಿಮ್ಮ ಬಾಗಿಲಿಗೇ ಬರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಬೇಡಿ. ತಪ್ಪು ಎಲ್ಲಿ ನುಸುಳಬಹುದೆಂದು ಇವತ್ತೇ ನೋಡಿ, ತಡೆಯುವ ಕೆಲಸವನ್ನು ಒಬ್ಬರಿಗೆ ವಹಿಸಿ, ಅವರ ಮಾತಿಗೆ ಬೆಲೆ ಕೊಡಿ. ನೀವು ಕೆಲಸಗಾರರಾಗಿದ್ದರೆ, ಕಂಡದ್ದನ್ನು ಹೇಳಿ. ನಾಳೆ ಬಾಗಿಲು ತೆರೆದ ಕೂಡಲೇ ನಿಮ್ಮ ಜನರನ್ನು ಕರೆದು ಕೇಳಿ: "ಇಲ್ಲಿ ಏನು ಸರಿಯಿಲ್ಲ?" ಕೇಳಿದ ಮೇಲೆ, ಅವರು ಹೇಳಿ ಮುಗಿಸುವ ತನಕ ಸುಮ್ಮನೆ ಕುಳಿತು ಕೇಳಿಸಿಕೊಳ್ಳಿ.