ಹನ್ನೊಂದು ನಿಮಿಷ ಹನ್ನೆರಡು ಸೆಕೆಂಡು

ಆ ಧ್ವನಿಮುದ್ರಣ ಅವಳ ಕಂಪ್ಯೂಟರಿಗೆ ಬಂದದ್ದು ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಹಾಗೆ ಬರುವ ಯಾವುದಕ್ಕೂ ಹೆಸರಿರುವುದಿಲ್ಲ, ನಂಬರು ಮಾತ್ರ. ವೈದ್ಯರು ರೋಗಿಯನ್ನು ನೋಡಿದ ಮೇಲೆ ತಮ್ಮ ಟಿಪ್ಪಣಿಯನ್ನು ಫೋನಿಗೆ ಹೇಳಿ ಕಳಿಸುತ್ತಾರೆ. ಮೂರನೇ ಮಹಡಿಯ ಈ ಕಚೇರಿಯಲ್ಲಿ ಹದಿನಾಲ್ಕು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಟೈಪು ಮಾಡುತ್ತಾರೆ. ಮೇಜಿನ ಕೆಳಗೆ ಒಂದೊಂದು ಪೆಡಲ್. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಅದುಮಿದರೆ ನಾಲ್ಕು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಅವಳು ಅದನ್ನು ತುಳಿಯಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು.

ಕಚೇರಿಯಲ್ಲಿ ಒಂದು ನಿಯಮವಿದೆ. ಕೇಳುತ್ತಿರುವುದು ಪರಿಚಯದವರ ವಿಷಯ ಎಂದು ಗೊತ್ತಾದ ಕ್ಷಣ ಪರದೆಯ ಮೂಲೆಯಲ್ಲಿರುವ ‘ವಾಪಸ್’ ಗುಂಡಿ ಒತ್ತಬೇಕು. ಅದು ಬೇರೊಬ್ಬರಿಗೆ ಹೋಗುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಒಂಬತ್ತು ವರ್ಷದಲ್ಲಿ ಅವಳು ಆ ಗುಂಡಿ ಒತ್ತಿದ್ದು ಎರಡು ಸಲ. ಒಮ್ಮೆ ನಾದಿನಿಯ ಹೆರಿಗೆಗೆ, ಇನ್ನೊಮ್ಮೆ ಮನೆ ಮಾಲೀಕರ ಮೂತ್ರಪಿಂಡದ ಕಲ್ಲಿಗೆ. ಎರಡನೆಯದನ್ನು ಒತ್ತಿದ್ದು ಕಲ್ಲಿನ ಅಳತೆ ಕೇಳಿಸಿಕೊಂಡ ಮೇಲೆ ಎನ್ನುವುದೂ ನಿಜ. ಒಂಬತ್ತು ಮಿಲಿಮೀಟರು. ಮಾಲೀಕರು ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು.

“ಹದಿನೈದು ವರ್ಷದ ಹುಡುಗಿ, ಮೂರನೇ ಭೇಟಿ,” ಎಂದಿತು ಕಿವಿಯಲ್ಲಿ ಒಂದು ಹೆಂಗಸಿನ ದನಿ. “ತಂದೆ ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾರೆ. ತಾಯಿಗೆ ಟೈಪಿಂಗ್ ಕೆಲಸ. ಒಬ್ಬಳೇ ಮಗಳು.”

ದನಿ ಅವಳಿಗೆ ಗೊತ್ತಿದ್ದದ್ದೇ. ತನ್ನ ಮಗಳನ್ನು ಪ್ರತಿ ಶನಿವಾರ ನೋಡುವ ಆಪ್ತಸಮಾಲೋಚಕಿಯದು. ಆ ಚಿಕಿತ್ಸಾಲಯ ತನ್ನ ಟಿಪ್ಪಣಿಗಳನ್ನು ಈ ತಿಂಗಳ ಒಂದನೇ ತಾರೀಕಿನಿಂದ ಇದೇ ಕಚೇರಿಗೆ ಕಳಿಸುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಗಣಿತದ ಪರೀಕ್ಷೆಯ ಕೋಣೆಯಲ್ಲಿ ಮಗಳ ಎರಡೂ ಕೈ ಜೋಮು ಹಿಡಿದಿದ್ದವು. ಉಸಿರು ಎಳೆದುಕೊಳ್ಳಲು ಆಗದೆ ಡೆಸ್ಕಿನ ಕೆಳಗೆ ಕೂತುಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಹೃದಯ ಸರಿಯಿದೆ, ರಕ್ತ ಸರಿಯಿದೆ ಎಂದರು. ಇದು ದಿಗಿಲಿನ ಕಾಯಿಲೆ, ಮಾತಾಡಿ ವಾಸಿ ಮಾಡುವಂಥದ್ದು ಎಂದು ಬರೆದುಕೊಟ್ಟರು. ಆಮೇಲೆ ಅದು ಬಸ್ಸಿನಲ್ಲಿ ಬಂತು, ಪ್ರಾರ್ಥನೆಯ ಸಾಲಿನಲ್ಲಿ ಬಂತು. ಮೊದಲ ದಿನ ಸಮಾಲೋಚಕಿ ಮೂವರನ್ನೂ ಕೂರಿಸಿಕೊಂಡು ಮಗಳಿಗೆ ಹೇಳಿದ್ದರು: “ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಅಪ್ಪ ಅಮ್ಮಂಗೆ ಹೇಳ್ತೀನಿ. ಅದನ್ನೂ ಮೊದಲು ನಿನಗೆ ಹೇಳಿ.” ತಾಯಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದಳು. ಎರಡು ಭೇಟಿಯ ನಂತರ ಹುಡುಗಿ ನಿದ್ದೆ ಮಾಡತೊಡಗಿದಳು. ಮೂರನೆಯದಕ್ಕೆ ಯಾರೂ ಕರೆಯದೆ ತಾನೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಪರದೆಯ ಮೂಲೆಯ ಗುಂಡಿ ಅಲ್ಲೇ ಇತ್ತು. ಅವಳು ಪೆಡಲ್ ಒತ್ತಿದಳು.

ದನಿ ಮುಂದುವರಿಯಿತು. ಹುಡುಗಿ ಬಸ್ಸಿನಲ್ಲಿ ಉಸಿರು ಕಟ್ಟುತ್ತದೆಂದು ಎರಡು ನಿಲ್ದಾಣ ಮೊದಲೇ ಇಳಿದು ಶಾಲೆಗೆ ನಡೆದುಹೋಗುತ್ತಾಳೆ. ಬಚ್ಚಲುಮನೆಗೆ ಹೋದರೆ ತಾಯಿ ಬಾಗಿಲ ಹೊರಗೆ ಸದ್ದು ಮಾಡದೆ ನಿಂತಿರುತ್ತಾಳೆ, ಕೆಳಗಿನ ಸಂದಿಯಲ್ಲಿ ಕಾಲು ಕಾಣುತ್ತದೆ. ‘ಈಗ ಹೇಗಿದೆ’ ಎಂದು ಕೇಳುತ್ತಾಳೆ. ಒಂದು ದಿನ ಹುಡುಗಿ ಲೆಕ್ಕ ಹಾಕಿದಾಗ ಹನ್ನೊಂದು ಸಲ. ಹನ್ನೊಂದು ಸಲವೂ ‘ಚೆನ್ನಾಗಿದೆ’ ಎಂದಿದ್ದಾಳೆ. “ಅವಳ ಮಾತಿನಲ್ಲೇ ಹೇಳುವುದಾದರೆ,” ಎಂದಿತು ದನಿ, “ಅಮ್ಮನ ಮುಖ ನೋಡಿದ್ರೆ ನನಗೆ ಭಯ ಜಾಸ್ತಿ ಆಗುತ್ತೆ.”

ಹಿಮ್ಮಡಿ ತಾನಾಗಿ ಅದುಮಿತು. ನಾಲ್ಕು ಸೆಕೆಂಡು ಹಿಂದೆ. ಮತ್ತೆ ನಾಲ್ಕು. ಮೂರು ಸಲ ಕೇಳಿದಳು. ಹನ್ನೊಂದು ನಿಮಿಷ ಹನ್ನೆರಡು ಸೆಕೆಂಡಿನ ಟಿಪ್ಪಣಿಯನ್ನು ಕಡೆಯ ಪೂರ್ಣವಿರಾಮದವರೆಗೆ ಟೈಪು ಮಾಡಿ ಕಳಿಸಿ, ಅಂದಿನ ಮುಂದಿನ ಕೆಲಸಕ್ಕೆ ಹೋದಳು. ಅದು ಯಾರದೋ ಮೊಣಕಾಲು.

ಮಂಗಳವಾರ ಬೆಳಿಗ್ಗೆ ಅವಳು ಬಚ್ಚಲುಮನೆಯ ಹತ್ತಿರ ಸುಳಿಯಲಿಲ್ಲ. ‘ಈಗ ಹೇಗಿದೆ’ ಎಂದು ಒಮ್ಮೆಯೂ ಕೇಳಲಿಲ್ಲ. ಮುಖವನ್ನು ಮಾತ್ರ ಏನು ಮಾಡಬೇಕೆಂದು ತಿಳಿಯದೆ ನಗುಮುಖವಾಗಿ ಇಟ್ಟುಕೊಂಡು ಓಡಾಡಿದಳು.

“ಏನೇ, ಹಲ್ಲು ನೋವಾ?” ಎಂದ ಗಂಡ.

“ಇಲ್ಲಾರೀ. ಸುಮ್ಮನೆ.”

“ಹೀಗೆ ಸುಮ್ಮನೆ ನಗ್ತಾ ಇದ್ರೆ ನೆಂಟರು ಬರ್ತಿದ್ದಾರೆ ಅಂತ ಅರ್ಥ. ಯಾರು, ನಿಮ್ಮಣ್ಣನಾ?”

ಮಗಳು ತಟ್ಟೆಯಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಸಂಜೆ ಬಂದಾಗ ಅವಳ ಮಂಚದ ಮೇಲೆ ಮೆತ್ತನೆ ಅಡಿಯ ಹೊಸ ಶೂ ಇತ್ತು. “ನಡೆಯೋಕೆ ಚೆನ್ನಾಗಿರುತ್ತೆ ಅಂತ ತಗೊಂಡು ಬಂದೆ,” ಎಂದಳು ತಾಯಿ. “ಬೇಕಾದ್ರೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಡು. ತಿಂಡಿ ಬೇಗ ಮಾಡ್ತೀನಿ.”

ಮಗಳು ಶೂ ಮುಟ್ಟಲಿಲ್ಲ. ಬುಧವಾರವಿಡೀ ಗಮನಿಸಿದಳು. ಸಂಜೆ ತಾಯಿ ಬಟ್ಟೆ ಮಡಚುತ್ತಿದ್ದಾಗ ಬಂದು ಎದುರಿಗೆ ನಿಂತಳು.

“ಮೇಡಂ ನಿನಗೆ ಫೋನ್ ಮಾಡಿದ್ರಾ?”

“ಇಲ್ವಲ್ಲ. ಯಾಕೆ?”

“ಸುಳ್ಳು ಹೇಳ್ಬೇಡ. ನಾನು ಮೊದಲೇ ಇಳೀತೀನಿ ಅಂತ ಈ ಭೂಮಿ ಮೇಲೆ ಅವರೊಬ್ಬರಿಗೇ ಗೊತ್ತು. ಬಚ್ಚಲುಮನೆ ವಿಷಯ ಅವರಿಗೆ ಮಾತ್ರ ಹೇಳಿದ್ದು. ಹೇಳಿ ನಾಲ್ಕು ದಿನ ಆಗಿಲ್ಲ, ನೀನು ಎಲ್ಲಾ ಸರಿಮಾಡ್ಕೊಂಡು ಬಿಟ್ಟಿದ್ದೀಯ. ಬಾಗಿಲು ದಾಟಲ್ವಂತೆ! ಬಾಗಿಲು ದಾಟಿ, ಬಸ್ ಹತ್ತಿ, ನಮ್ಮನೆಗೇ ಬಂದಿದೆ.”

“ಅವರು ಏನೂ ಹೇಳಿಲ್ಲ ಕಣೇ.”

“ಹಾಗಾದ್ರೆ ನಿನಗೆ ಕನಸು ಬಿತ್ತಾ?” ಹುಡುಗಿಯ ಉಸಿರು ಗಿಡ್ಡವಾಗತೊಡಗಿತ್ತು. ಗೋಡೆಗೆ ಅಂಗೈ ಒತ್ತಿ ನಿಂತು ಎಣಿಸಿಕೊಂಡಳು. ಅದು ಆ ಮೇಡಂ ಕಲಿಸಿದ್ದೇ. “ಶನಿವಾರ ನಾನು ಹೋಗಲ್ಲ. ಅವರ ಹತ್ರ ಅಷ್ಟೇ ಅಲ್ಲ, ಇನ್ನು ಯಾರ ಹತ್ರಾನೂ ಹೋಗಲ್ಲ. ಎಲ್ಲಾ ದೊಡ್ಡವರೂ ಒಂದೇ.”

ಗುರುವಾರ ಅವಳು ಶಾಲೆಗೆ ಏಳಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ತಾಯಿ ಗಂಡನ ಅಂಗಡಿಗೆ ಹೋದಳು. ಹಿಂದಿನ ಪುಟ್ಟ ಕೋಣೆಯಲ್ಲಿ ಅವನು ಗಾಜಿನ ಅಂಚನ್ನು ಉಜ್ಜುಗಲ್ಲಿಗೆ ಹಿಡಿದಿದ್ದ. ನಲ್ಲಿಯ ನೀರು ಸಣ್ಣಗೆ ಅದರ ಮೇಲೆ ಬೀಳುತ್ತಿತ್ತು. ಅವಳು ಪೆಡಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಅವನು ಯಂತ್ರ ನಿಲ್ಲಿಸಿದ.

“ಬಾಯಿ ಮುಚ್ಕೊಂಡಿರು,” ಎಂದ. “ಬೇರೆ ಮೇಡಂ ಹುಡುಕೋಣ. ಊರಲ್ಲಿ ಇವರೊಬ್ಬರೇನಾ?”

“ಬೇರೆಯವರ ಹತ್ರ ಹೋದ್ರೂ ಬಾಯಿ ಬಿಡಲ್ಲರೀ ಅವಳು. ಹೇಳಿದ್ದೆಲ್ಲ ಮನೆಗೆ ಬರುತ್ತೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಅದೂ ಅಲ್ದೆ ಆ ಮೇಡಂ ಏನ್ ತಪ್ಪು ಮಾಡಿದ್ರು?”

“ನಿನ್ನ ಕೆಲಸ ಹೋಗುತ್ತೆ ಕಣೇ.”

“ಹೋಗಬಹುದು.”

“ಅವಳು ನಿನ್ನ ಮುಖ ನೋಡಲ್ಲ.”

“ಈಗೇನು ನೋಡ್ತಿದ್ದಾಳಾ?”

ಗಂಡ ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಉಜ್ಜಿದ್ದು ಹೆಚ್ಚಾಗಿತ್ತೋ ಏನೋ, ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡ. “ಹೇಳೋದಾದ್ರೆ ಪೂರ್ತಿ ಹೇಳು,” ಎಂದ. “ಸ್ವಲ್ಪ ಕೇಳಿಸ್ತು, ಅಷ್ಟರಲ್ಲಿ ನಿಲ್ಲಿಸಿದೆ ಅಂತ ರಾಗ ಎಳೀಬೇಡ. ನೀನು ರಾಗ ಎಳೆದ್ರೆ ನನಗೇ ಗೊತ್ತಾಗುತ್ತೆ, ಅವಳಿಗೆ ಗೊತ್ತಾಗಲ್ವಾ?”

ದಾರಿಯುದ್ದಕ್ಕೂ ಅವಳು ಅಭ್ಯಾಸ ಮಾಡಿದ್ದು ಸರಿಯಾಗಿ ಅದೇ ಮಾತನ್ನು. ಸ್ವಲ್ಪ ಕೇಳಿಸಿತು, ಅಷ್ಟರಲ್ಲಿ ನಿಲ್ಲಿಸಿದೆ.

ಸಂಜೆ ಮಗಳ ಕೋಣೆಯ ಬಾಗಿಲು ತಟ್ಟಿ, “ಬಾ” ಎನ್ನುವವರೆಗೆ ಕಾದು ಒಳಗೆ ಹೋದಳು. ಕೂರಲಿಲ್ಲ.

“ಮೇಡಂ ನನಗೆ ಏನೂ ಹೇಳಿಲ್ಲ. ನಾನೇ ಕದ್ದು ಕೇಳಿದ್ದು. ಅವರ ಟಿಪ್ಪಣಿ ಟೈಪಿಗೆ ನಮ್ಮ ಆಫೀಸಿಗೆ ಬಂತು. ನಿಂದು ಅಂತ ಗೊತ್ತಾದ ತಕ್ಷಣ ವಾಪಸ್ ಮಾಡಬೇಕಿತ್ತು. ಮಾಡಲಿಲ್ಲ.”

ಹುಡುಗಿ ಮಂಚದ ಮೇಲೆ ಎದ್ದು ಕೂತಳು. “ಎಷ್ಟು ಕೇಳಿದೆ?”

“ಹನ್ನೊಂದು ನಿಮಿಷ ಹನ್ನೆರಡು ಸೆಕೆಂಡು. ಪೂರ್ತಿ.”

“ನಿನ್ನ ಮುಖದ ವಿಷಯಾನೂ?”

“ಅದನ್ನ ಮೂರು ಸಲ ಕೇಳಿದೆ.”

ಮಗಳ ಕಿವಿ ಕೆಂಪಾಯಿತು. ಅಳುತ್ತಾಳೆ ಎಂದುಕೊಂಡಳು ತಾಯಿ, ಆದರೆ ಅಳಲಿಲ್ಲ. “ನಾನು ಯಾವತ್ತಾದ್ರೂ ನಿನ್ನ ಫೋನ್ ಮುಟ್ಟಿದ್ದೀನಾ?”

“ಇಲ್ಲ.”

“ನಿನ್ನ ಡೈರಿ ಓದಿದ್ದೀನಾ? ಅಲಮಾರಲ್ಲೇ ಇರುತ್ತೆ, ಬೀಗಾನೂ ಹಾಕಲ್ಲ ನೀನು.”

“ಇಲ್ಲ.”

“ಹೋಗು ಆಚೆ.”

ಹೋದಳು. ಹಿಂದೆ ಬಾಗಿಲು ಮುಚ್ಚಿತು, ಚಿಲಕವೂ ಬಿತ್ತು. ಶನಿವಾರದ ವಿಷಯ ಮಗಳು ಎತ್ತಲಿಲ್ಲ, ತಾಯಿಯೂ ಕೇಳಲಿಲ್ಲ.

ಶುಕ್ರವಾರ ಅವಳು ಮೇಲ್ವಿಚಾರಕರ ಕೋಣೆಗೆ ತಾನೇ ಪತ್ರ ಬರೆದುಕೊಂಡು ಹೋದಳು. ಆ ಹಿರಿಯರಿಗೆ ಕಚೇರಿಯಲ್ಲಿ ಅಲ್ಪವಿರಾಮ ಎಂದು ಅಡ್ಡಹೆಸರು. ಬಿಟ್ಟುಹೋದ ಅಲ್ಪವಿರಾಮಕ್ಕೆಲ್ಲ ಕೆಂಪು ಗೆರೆ ಎಳೆದು ವಾಪಸು ಕಳಿಸುವವರು. ಅವರು ಪತ್ರವನ್ನು ಎರಡು ಸಲ ಓದಿ, ಅವಳು ಟೈಪು ಮಾಡಿದ ಪ್ರತಿ ತೆಗೆದು, ಧ್ವನಿಯ ಜೊತೆ ಮೊದಲ ಅರ್ಧ ನಿಮಿಷ ಹೋಲಿಸಿ ನಿಲ್ಲಿಸಿದರು.

“ಅವರು ‘ಎರಡು ತಿಂಗಳಿಂದ’ ಅಂತಾರೆ. ನೀವು ‘ಮೂರು’ ಅಂತ ಹೊಡೆದಿದ್ದೀರಿ.”

ತಾನು ಹಾಗೆ ಹೊಡೆದದ್ದು ಅವಳಿಗೆ ಆಗಲೇ ಗೊತ್ತಾದದ್ದು. “ಮೂರೇ ಸರ್. ನಾನು ಅವಳ ಅಮ್ಮ, ನನಗೆ ತಾರೀಕು ಸಮೇತ ಗೊತ್ತು.”

“ಅದಕ್ಕೇ ಅಲ್ವೇನಮ್ಮಾ ಆ ಗುಂಡಿ ಇರೋದು,” ಎಂದರು ಅವರು, ಬೈಯುವ ದನಿಯಲ್ಲೇನೂ ಅಲ್ಲ. “ಇಲ್ಲಿ ಕೂತಾಗ ನೀವು ಯಾರ ಅಮ್ಮಾನೂ ಅಲ್ಲ. ಹದಿನಾಲ್ಕು ಜನದಲ್ಲಿ ನಿಮ್ಮ ಕೆಲಸ ಒಂದನ್ನೇ ನಾನು ಎರಡನೇ ಸಲ ನೋಡದೆ ಕಳಿಸ್ತಿದ್ದೆ.”

ಚಿಕಿತ್ಸಾಲಯದವರಿಂದ ಉತ್ತರ ಬರುವವರೆಗೆ, ಕನಿಷ್ಠ ಎರಡು ವಾರ, ಕೆಲಸಕ್ಕೆ ಬರಬೇಡಿ ಎಂದು ಬರೆದುಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವಳು ಸಮಾಲೋಚಕಿಗೂ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ಅವರು, “ಅವಳು ಬಂದರೆ ಬರಲಿ. ನಾನು ನಾಲ್ಕಕ್ಕೆ ಕಾಯ್ತಿರ್ತೀನಿ. ನೀವು ಬಲವಂತ ಮಾಡ್ಬೇಡಿ,” ಎಂದರು.

ಶನಿವಾರ ಮೂರು ಗಂಟೆಗೆ ಮಗಳು ತಲೆ ಬಾಚಿಕೊಂಡು ಕೋಣೆಯಿಂದ ಬಂದಳು. “ಅಪ್ಪ, ನಡಿ,” ಎಂದಳು. ತಾಯಿಯ ಕಡೆ ನೋಡದೆ, “ಅವಳೂ ಬರೋದಾದ್ರೆ ಬರ್ಲಿ,” ಎಂದಳು. ಗಂಡ ಅಂಗಡಿಗೆ ಅರ್ಧ ದಿನ ರಜೆ ಹೇಳಿಯೇ ಕೂತಿದ್ದ.

ಸಮಾಲೋಚಕಿ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಹೊಸಿಲಿನ ಈಚೆಗೇ ನಿಂತಳು, ಒಳಗೆ ಕಾಲಿಡಲಿಲ್ಲ.

“ಅಮ್ಮ ತಪ್ಪು ಮಾಡಿದ್ರು, ಒಪ್ಕೊಂಡಿದ್ದಾರೆ,” ಎಂದರು ಸಮಾಲೋಚಕಿ. “ನಂದೂ ಒಂದಿದೆ. ಮಾತು ಬಾಗಿಲು ದಾಟಲ್ಲ ಅಂದೆ. ಟೈಪಿಗೆ ಕಳಿಸ್ತೀನಿ ಅಂತ ಹೇಳಲಿಲ್ಲ. ಹೆಸರಿಲ್ವಲ್ಲ, ಪರವಾಗಿಲ್ಲ ಅಂದ್ಕೊಂಡೆ. ಹೇಳಬೇಕಿತ್ತು.”

“ಇವತ್ತಿಂದು ಯಾರು ಟೈಪ್ ಮಾಡ್ತಾರೆ?”

“ಯಾರೂ ಇಲ್ಲ. ನಿಂದನ್ನ ಕೈಯಲ್ಲೇ ಬರೀತೀನಿ. ಕೇಳಿದಾಗ ತೋರಿಸ್ತೀನಿ.”

“ನಿಮ್ಮ ಅಕ್ಷರ ಓದೋ ಹಾಗಿದ್ಯಾ?”

“ನನಗೇ ಓದೋಕಾಗಲ್ಲ.”

ಹುಡುಗಿ ನಗಲಿಲ್ಲ. ಬಾಗಿಲು, ಮೇಜು, ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. “ಆ ಫೋನು ಆಚೆ ಇಡಿ,” ಎಂದಳು. ಸಮಾಲೋಚಕಿ ಅದನ್ನು ತೆಗೆದುಕೊಂಡು ಹೋಗಿ ಸ್ವಾಗತದ ಮೇಜಿನಲ್ಲಿ ಕೊಟ್ಟು ಬಂದರು. ಆಮೇಲೆ ಹುಡುಗಿ ಒಳಗೆ ಹೋದಳು.

ತಾಯಿ ಬಾಗಿಲ ಪಕ್ಕದ ಬೆಂಚಿನಿಂದ ಎದ್ದು ಪಡಸಾಲೆಯ ಆ ತುದಿಗೆ, ನೀರಿನ ಡ್ರಮ್ಮಿನ ಹತ್ತಿರ ಹೋಗಿ ಕೂತಳು. ಗಂಡನೂ ಬಂದು ಪಕ್ಕದಲ್ಲಿ ಕೂತ. “ಎರಡು ವಾರ ಮನೇಲಿ ಏನ್ ಮಾಡ್ತೀಯ?” ಎಂದ. ಗೊತ್ತಿಲ್ಲ ಎಂದಳು. “ನನ್ನ ಅಂಗಡಿಗೆ ಬಾ. ಗಿರಾಕಿಗಳು ಅವರ ಕಷ್ಟ ಎಲ್ಲಾ ನನಗೇ ಹೇಳ್ತಾರೆ, ಕೇಳಿ ಕೇಳಿ ಸಾಕಾಗಿದೆ.” ಅವಳು ಅವನ ಮೊಣಕೈಗೆ ಒಂದು ಕೊಟ್ಟಳು.

ಮಗಳು ಐವತ್ತೈದು ನಿಮಿಷಕ್ಕೆ ಹೊರಗೆ ಬಂದಳು. ಅತ್ತು ಮುಖ ತೊಳೆದ ಹಾಗಿತ್ತು. ನೇರ ಸ್ವಾಗತದ ಮೇಜಿಗೆ ಹೋಗಿ ಮುಂದಿನ ಶನಿವಾರಕ್ಕೂ ನಾಲ್ಕು ಗಂಟೆಯೇ ಬೇಕೆಂದಳು.

“ನೆನಪಿನ ಮೆಸೇಜು ಅಮ್ಮನ ನಂಬರಿಗೇ ಅಲ್ವಾ?” ಎಂದಳು ಸ್ವಾಗತಕಾರಿಣಿ.

“ಅಲ್ಲ. ನನ್ನದು ಬರ್ಕೊಳ್ಳಿ.” ಒಂದೊಂದೇ ಅಂಕಿ ಹೇಳಿ, ತಿರುಗಿ ಓದಿಸಿ ಕೇಳಿಕೊಂಡಳು. ಆಮೇಲೆ ತಾಯಿಯ ಹತ್ತಿರ ಬಂದಳು. ಗುರುವಾರದಿಂದ ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತು: “ಮುಂದಿನ ವಾರ ನಾನೊಬ್ಬಳೇ ಬರ್ತೀನಿ.”

“ಆಗ್ಲಿ.”

“ಒಳಗೆ ಏನ್ ಮಾತಾಡಿದೆ ಅಂತ ಕೇಳಲ್ವಾ?”

“ಇಲ್ಲ.”

“ಕೇಳಬೇಕು ಅನ್ಸುತ್ತಾ?”

“ತುಂಬಾ ಅನ್ಸುತ್ತೆ.”

“ಅನ್ಸಲಿ,” ಎಂದು ಮಗಳು ಅಪ್ಪನ ಕೈಯಿಂದ ತನ್ನ ಚೀಲ ಇಸಿದುಕೊಂಡು, ಇಬ್ಬರಿಗಿಂತ ಮುಂದಾಗಿ ಮೆಟ್ಟಿಲಿಳಿದಳು.